ಪಿಯುಸಿ ಫೇಲಾದ ಹುಡುಗ ಚರ್ಚಿಗೂ ಬರುತ್ತಿಲ್ಲ, ಏನು ಮಾಡೋಣ?

ಭಾನುವಾರದ ಶಾಲೆ, ಸಿದ್ದಾಪುರ ಕಡೆ
ನಮ್ಮ ಯುವಜನರ ಗುಂಪಿನ ಹುಡುಗ, ದ್ವಿತೀಯ ಪಿಯುಸಿ ವಿಜ್ಞಾನ. ಪರೀಕ್ಷೆ-1ರಲ್ಲಿ ಭೌತಶಾಸ್ತ್ರ, ಗಣಿತ ಎರಡೂ ಹೋಗಿವೆ. ಅಪ್ಪನಿಗೆ ಎಸ್ಟೇಟ್ ಕೆಲಸ, ವಾಸ ಲೈನ್ ಮನೆಯಲ್ಲಿ. ಫಲಿತಾಂಶ ಬಂದಮೇಲೆ ಎರಡು ಭಾನುವಾರ ಆರಾಧನೆಗೆ ಬಂದಿಲ್ಲ. ಬಂದರೆ ಬಾಗಿಲಲ್ಲೇ "ಎಷ್ಟು ಮಾರ್ಕ್ಸ್?" ಅಂತ ಕೇಳ್ತಾರಲ್ಲ, ಆ ಭಯ. "ಉಪವಾಸ ಇದ್ದು ಪ್ರಾರ್ಥನೆ ಮಾಡಿದ್ದೆ, ದೇವರು ಕೇಳಲಿಲ್ಲ" ಅಂದನಂತೆ ತಾಯಿ ಹತ್ತಿರ. ಯೆರೆಮೀಯ 29:11 (ದೇವರ ಯೋಜನೆ ನಮ್ಮ ಹಿತಕ್ಕೇ, ಕೇಡಿಗಲ್ಲ ಅನ್ನುವ ಬೈಬಲ್ ವಚನ) ಬರೆದ ಒಂದು ಕಾರ್ಡ್ ಕೊಡೋಣ ಅಂತಿದ್ದೇನೆ. ಮರುಮೌಲ್ಯಮಾಪನಕ್ಕೆ ಹಾಕಿಸಬೇಕೋ, ಪರೀಕ್ಷೆ-2 ಬರೆಸಬೇಕೋ ಅದೂ ತಿಳಿಯುತ್ತಿಲ್ಲ.

ಹಳೆ ಒಡಂಬಡಿಕೆ
ಕಾರ್ಡ್ ಈಗಲೇ ಬೇಡ ಅಕ್ಕಾ. ಆ ವಚನ ಬಾಬೆಲಿಗೆ ಸೆರೆಹೋದವರಿಗೆ ಬರೆದ ಪತ್ರದ್ದು; ಹಿಂದಿನ ವಚನದಲ್ಲೇ 70 ವರ್ಷ ಕಾಯಬೇಕು ಅಂತ ಇದೆ. 5ನೇ ವಚನದಲ್ಲಿ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಅಂತಲೂ ಇದೆ. ನಮ್ಮ ವಿರಾಜಪೇಟೆಯ ಸಂತ ಅನ್ನಮ್ಮ ದೇವಾಲಯ 1792ರಲ್ಲಿ ಶುರುವಾದದ್ದೂ ನೆಲೆ ಕಳೆದುಕೊಂಡು ಬಂದವರಿಗೆ ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ ಆಶ್ರಯ ಕೊಟ್ಟಿದ್ದರಿಂದ. ಆ ಪತ್ರವನ್ನು ಪೂರ್ತಿ ಓದಿಸಿದರೆ ಅರ್ಥವಿದೆ. ಒಂದೇ ವಚನ ಕಿತ್ತು ಕೊಟ್ಟರೆ "ಮುಂದಿನ ಸಲ ಪಾಸ್ ಗ್ಯಾರಂಟಿ" ಅಂತ ಹುಡುಗ ತಿಳಿದುಕೊಳ್ಳುತ್ತಾನೆ, ಹಾಗಾಗದಿದ್ದರೆ ಎರಡನೇ ಪೆಟ್ಟು.

ಮೊದಲು 1 ಅರಸುಗಳು 19 ನೀವು ಓದಿಕೊಳ್ಳಿ. "ಸಾಕು, ಪ್ರಾಣ ತೆಗೆ" ಎಂದ ಪ್ರವಾದಿ ಎಲೀಯನಿಗೆ ದೇವದೂತ ಉಪದೇಶ ಮಾಡುವುದಿಲ್ಲ. ನಿದ್ದೆ, ರೊಟ್ಟಿ, ನೀರು. ಮತ್ತೆ ನಿದ್ದೆ, ಮತ್ತೆ ಊಟ. "ಇಲ್ಲೇನು ಮಾಡುತ್ತೀ?" ಎಂಬ ಪ್ರಶ್ನೆ ಬರುವುದು ಅದಾದಮೇಲೆ. ಅವನು ತನ್ನ ದೂರು ಹೇಳಿ ಮುಗಿಸಿದ ಮೇಲೆ ಹೊಸ ಕೆಲಸ, ಜೊತೆಗೊಬ್ಬ ಎಲೀಷ. ನೀವೂ ಅದೇ ಕ್ರಮ ಹಿಡಿಯಿರಿ: ಊಟದ ಹೊತ್ತಿಗೆ ಮನೆಗೆ ಹೋಗಿ, ಅಂಕದ ಮಾತು ನೀವಾಗಿ ತೆಗೆಯಬೇಡಿ.

"ದೇವರು ಕೇಳಲಿಲ್ಲ" ಅಂದದ್ದಕ್ಕೆ ಗದರಬೇಡಿ. ಕೀರ್ತನೆ 13ರಲ್ಲಿ ಆರೇ ವಚನ. ಮೊದಲೆರಡು ದೂರು, "ಎಷ್ಟರವರೆಗೆ" ಅಂತ ನಾಲ್ಕು ಸಲ. ಆಮೇಲೆರಡು ಬೇಡಿಕೆ, ಕೊನೆಯೆರಡು ಭರವಸೆ. ಒಂದು ಹಾಳೆಯಲ್ಲಿ ಮೂರು ಭಾಗ ಮಾಡಿ ಅವನದನ್ನೇ ಬರೆಯಲಿ. ಮೂರನೇ ಭಾಗ ಖಾಲಿ ಉಳಿದರೆ ಉಳಿಯಲಿ, ಕೀರ್ತನೆ 88 ಮುಗಿಯುವುದೂ ಕತ್ತಲಲ್ಲೇ.

ಚಾಕ್‌ಪೀಸ್
ಪರೀಕ್ಷೆಯ ಮಾತು ನಾನು ಹೇಳುತ್ತೇನೆ. 2024ರಿಂದ ಪೂರಕ ಪರೀಕ್ಷೆ ಅನ್ನುವ ಹೆಸರೇ ಹೋಗಿದೆ; ಪರೀಕ್ಷೆ-1, ಪರೀಕ್ಷೆ-2 ಎಂದೇ ಕರೆಯುವುದು, ಯಾವುದರಲ್ಲಿ ಹೆಚ್ಚು ಅಂಕವೋ ಅದು ಉಳಿಯುತ್ತದೆ. ಇದನ್ನು ಅಪ್ಪನಿಗೂ ಬಿಡಿಸಿ ಹೇಳಿ. "ಒಂದು ವರ್ಷ ಹಾಳು" ಅಂತ ಅವರು ತಿಳಿದಿದ್ದರೆ ಮನೆಯ ಗಾಳಿಯೇ ಬಿಸಿಯಾಗಿರುತ್ತದೆ.

ಮೊದಲು ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿಗೆ ಅರ್ಜಿ ಹಾಕಿ. ಅದು ಕೈಗೆ ಬರದೆ ಮರುಮೌಲ್ಯಮಾಪನಕ್ಕೆ ಹಾಕಲಾಗದು. ಸಾಮಾನ್ಯವಾಗಿ ಎಡವುವುದು ಎಲ್ಲಿ ಅಂದರೆ, ಮರುಮೌಲ್ಯಮಾಪನದ ಫಲಿತಾಂಶ ಕಾಯುತ್ತಾ ಕುಳಿತು ಪರೀಕ್ಷೆ-2ರ ಅರ್ಜಿ ದಿನ ದಾಟಿಸಿಬಿಡುತ್ತಾರೆ. ಎರಡನ್ನೂ ಒಟ್ಟಿಗೆ ನಡೆಸಿ, ಅರ್ಜಿ ಕಾಲೇಜಿನ ಮೂಲಕವೇ ಹೋಗಲಿ.

ಸ್ಕ್ಯಾನ್ ಪ್ರತಿ ಬಂದಾಗ ಹೋದ ಪ್ರತಿ ಅಂಕದ ಪಕ್ಕ ಗುರುತು ಹಾಕಿಸಿ: ಗೊತ್ತಿರಲಿಲ್ಲ, ಗೊತ್ತಿದ್ದೂ ತಪ್ಪಿತು, ಸಮಯ ಸಾಲಲಿಲ್ಲ. ಮೂರಕ್ಕೂ ಮದ್ದು ಬೇರೆ. ಎರಡನೆಯದು ಜಾಸ್ತಿ ಇದ್ದರೆ ಹೊಸ ಅಧ್ಯಾಯ ಓದಿ ಪ್ರಯೋಜನವಿಲ್ಲ, ಮಾಡಿದ್ದ ಲೆಕ್ಕವನ್ನೇ ಪುಸ್ತಕ ಮುಚ್ಚಿ ಮತ್ತೆ ಮಾಡಬೇಕು. ಮೊದಲನೆಯದಾದರೆ ಗಣಿತದಲ್ಲಿ ಮ್ಯಾಟ್ರಿಕ್ಸ್, ಎಲ್‌ಪಿಪಿ (ಲೀನಿಯರ್ ಪ್ರೋಗ್ರಾಮಿಂಗ್), ಭೌತಶಾಸ್ತ್ರದಲ್ಲಿ ಆಟಮ್ಸ್, ನ್ಯೂಕ್ಲಿಯೈ, ಸೆಮಿಕಂಡಕ್ಟರಿನಂಥ ಚಿಕ್ಕ ಅಧ್ಯಾಯಗಳಿಂದ ಶುರು ಮಾಡಲಿ. 45 ನಿಮಿಷ ಓದು, 10 ನಿಮಿಷ ಎದ್ದು ಓಡಾಟ. ಮೂರು ದಿನಕ್ಕೊಮ್ಮೆ ಒಂದು ಮಾದರಿ ಪ್ರಶ್ನೆಪತ್ರಿಕೆ, ಗಡಿಯಾರ ಎದುರಿಗಿಟ್ಟು. ಈಗ ಮಧ್ಯಾಹ್ನ ಗುಡುಗು ಮಳೆ ಬಂದರೆ ಕರೆಂಟ್ ಹೋಗುವ ಕಾಲ, ಲೆಕ್ಕಗಳನ್ನು ಬೆಳಿಗ್ಗೆಯೇ ಮುಗಿಸಲಿ. ಪ್ರಶ್ನೆಪತ್ರಿಕೆಗಳ ಪ್ರಿಂಟ್ ತೆಗೆಸಿಕೊಡಿ, ಮೊಬೈಲ್ ನಂಬಬೇಡಿ.

ಬೇಲಿಹೂ
ಮೇಷ್ಟ್ರು ಹೇಳಿದ್ದೆಲ್ಲಾ ಸರಿ, ಆದರೆ ಅದಕ್ಕೂ ಮೊದಲು ಒಂದು ವಿಷಯ. ಹುಡುಗ ನಿದ್ದೆ ಮಾಡುತ್ತಿಲ್ಲವೇ? ಊಟ ಬಿಟ್ಟಿದ್ದಾನೆಯೇ? ತನ್ನ ವಸ್ತುಗಳನ್ನು ಬೇರೆಯವರಿಗೆ ಕೊಟ್ಟುಬಿಡುತ್ತಿದ್ದಾನೆಯೇ? "ನಾನಿಲ್ಲದಿದ್ದರೆ ನಿಮಗೇ ಒಳ್ಳೇದು" ಅಂತಾನೆಯೇ? ಹಾಗಿದ್ದರೆ "ಸಾಯಬೇಕು ಅನ್ನಿಸುತ್ತಾ?" ಅಂತ ನೇರವಾಗಿ ಕೇಳಿ, ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಒಂಟಿಯಾಗಿ ಬಿಡಬೇಡಿ. ತೋಟದ ಮನೆಗಳಲ್ಲಿ ಕೀಟನಾಶಕ, ಕಳೆನಾಶಕದ ಡಬ್ಬಿ ಕೈಗೆಟುಕುವಲ್ಲೇ ಇರುತ್ತವೆ, ಅವನ್ನು ಅದೇ ದಿನ ಬೀಗದೊಳಗೆ ಇಡಿಸಿ. 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಉಚಿತ, ಹಗಲು ರಾತ್ರಿ, ಕನ್ನಡದಲ್ಲೂ ಮಾತಾಡುತ್ತಾರೆ. ಪ್ರಾರ್ಥನೆ ಮಾಡುತ್ತಲೇ ಡಾಕ್ಟರ ಹತ್ತಿರವೂ ಕರೆದುಕೊಂಡು ಹೋಗಬಹುದು, ಅದು ಅವಿಶ್ವಾಸವಲ್ಲ.

ಚರ್ಚಿನ ಬಾಗಿಲ ಸಮಸ್ಯೆ ಹುಡುಗನದ್ದಲ್ಲ, ನಮ್ಮದು. ಅಂಕ ಕೇಳಬೇಡಿ ಅಂತ ಹಿರಿಯರಿಗೆ ಮೊದಲೇ ಹೇಳಿಡಿ. ಪಾಸಾದವರನ್ನು ಮಾತ್ರ ಮುಂದೆ ಕರೆದು ಚಪ್ಪಾಳೆ ಹೊಡೆಸುವ ಪದ್ಧತಿ ಇದ್ದರೆ ಈ ವರ್ಷ ನಿಲ್ಲಿಸಿ. "ಪ್ರಾರ್ಥನೆ ಸಾಲಲಿಲ್ಲ" ಅನ್ನುವವರಿಗೆ ಯೋಹಾನ 9 ತೋರಿಸಿ. ಯಾರ ಪಾಪದಿಂದ ಇವನು ಕುರುಡನಾದ ಅಂತ ಶಿಷ್ಯರು ಕೇಳಿದ್ದಕ್ಕೆ ಯೇಸು ಯಾರ ಮೇಲೂ ಹೊರಿಸಲಿಲ್ಲ.

ಭಾನುವಾರದ ಶಾಲೆ, ಸಿದ್ದಾಪುರ ಕಡೆ
ಎಲ್ಲರಿಗೂ ವಂದನೆ. ನಿದ್ದೆ, ಊಟದ ಬಗ್ಗೆ ಇವತ್ತೇ ತಾಯಿಯನ್ನು ಕೇಳುತ್ತೇನೆ. ಅಪ್ಪ ಮಾತ್ರ "ಓದು ಸಾಕು, ತೋಟಕ್ಕೆ ಬಾ" ಅಂತಿದ್ದಾರೆ. ಅವರಿಗೇನು ಹೇಳಲಿ?

ಹಳೆ ಒಡಂಬಡಿಕೆ
ಯೋಹಾನನೆಂಬ ಮಾರ್ಕನ ವಿಷಯ ಹೇಳಿ. ಪೌಲ, ಬಾರ್ನಬರ ಜೊತೆ ಸುವಾರ್ತೆ ಸಾರಲು ಹೊರಟು, ಪಂಫುಲ್ಯದಲ್ಲಿ ಕೆಲಸ ಅರ್ಧಕ್ಕೇ ಬಿಟ್ಟು ಹೋದವನು ಅವನು. ಇವನನ್ನು ಮತ್ತೆ ಕರೆದೊಯ್ಯುವುದಿಲ್ಲ ಅಂತ ಪೌಲ ಹಟ ಹಿಡಿದ; ಬಾರ್ನಬ ಅವನನ್ನೇ ಕರೆದುಕೊಂಡು ಸೈಪ್ರಸ್‌ಗೆ ಹೊರಟ (ಅಪೊಸ್ತಲರ ಕೃತ್ಯಗಳು 15). ಮುಂದೆ ಅದೇ ಪೌಲ, ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಬೇಕು ಅಂತ ತಿಮೊಥೆಗೆ ಬರೆಯುತ್ತಾನೆ. ಪೌಲ ಸುಮ್ಮನೆ ಹಟ ಮಾಡಲಿಲ್ಲ, ಅವನಿಗೂ ಕಾರಣವಿತ್ತು. ಈ ಅಪ್ಪನಿಗೂ ಇದೆ, ಕೂಲಿಯ ಲೆಕ್ಕ ನಮಗೆ ಗೊತ್ತಿಲ್ಲದ್ದಲ್ಲ. ಆದ್ದರಿಂದ ಪರೀಕ್ಷೆ-2 ಮುಗಿಯುವವರೆಗೆ ಮಾತ್ರ ಬಿಡುವು ಕೇಳಿ, ವರ್ಷಗಟ್ಟಲೆ ಅಲ್ಲ. ಅರ್ಜಿಯ ಹಣ ಗುಂಪಿನಿಂದ ಹೊಂದಿಸಿ, ಗುಟ್ಟಾಗಿ.

ಚಾಕ್‌ಪೀಸ್
ಅರ್ಜಿಯ ಕೊನೆ ದಿನ ನಾಳೆ ಬೆಳಿಗ್ಗೆಯೇ ಕಾಲೇಜಿಗೆ ಫೋನ್ ಮಾಡಿ ಕೇಳಿ ಅಕ್ಕಾ.