ಪಾರಿಜಾತ ಮತ್ತು ಲ್ಯಾಗರ್‌ಸ್ಟ್ರೋಮಿಯಾ ಗಿಡಗಳನ್ನು ಯಾವಾಗ ಸವರಬೇಕು?

ಪ್ರಶ್ನೆ (ಸರಸ್ವತಿಪುರಂ, ಮೈಸೂರು)
ನಮಸ್ಕಾರ. ಮನೆಯ ಮುಂದಿನ ಕಿರಿದಾದ ಜಾಗದಲ್ಲಿ ಒಂದು ಪಾರಿಜಾತ, ಒಂದು ಗುಲಾಬಿ ಬಣ್ಣದ ಗೊಂಚಲು ಹೂ ಬಿಡುವ ಅಲಂಕಾರದ ಗಿಡ ಲ್ಯಾಗರ್‌ಸ್ಟ್ರೋಮಿಯಾ ಇವೆ. ಪಾರಿಜಾತವು ಕಾಂಪೌಂಡ್ ದಾಟಿ ಬೆಳೆದಿರುವುದರಿಂದ ಹೂವೆಲ್ಲ ರಸ್ತೆಗೆ ಉದುರುತ್ತದೆ. ಬುಡದ ಕಡೆ ಬರಿಯ ಕಡ್ಡಿಗಳಿವೆ. ಈಗ ಎರಡೂ ಎಲೆ ಉದುರಿಸಿ ನಿಂತಿವೆ. ಮಳೆ ಹಿಡಿದ ಮೇಲೆ ಸವರಿದರೆ ಬೇಗ ಚಿಗುರುತ್ತವೆ ಎಂದು ಪಕ್ಕದ ಮನೆಯವರು ಹೇಳುತ್ತಾರೆ. ಇದು ಸರಿಯೇ?

ಉತ್ತರ (ಮಂಡ್ಯ)
ದಯವಿಟ್ಟು ಮಳೆಗಾಲದವರೆಗೆ ಕಾಯಬೇಡಿ. ಎರಡೂ ಗಿಡಗಳು ಹೊಸ ಚಿಗುರಿನ ತುದಿಯಲ್ಲಿಯೇ ಹೂ ಬಿಡುತ್ತವೆ. ಪಾರಿಜಾತದ ಹೂವು ಆಗಸ್ಟ್ ಸುಮಾರಿಗೆ ಆರಂಭವಾಗುವುದರಿಂದ, ಬೇಸಿಗೆ ಮಳೆಗೆ ಬಂದ ಚಿಗುರನ್ನು ಜುಲೈನಲ್ಲಿ ಕತ್ತರಿಸಿದರೆ ಆ ವರ್ಷದ ಮೊಗ್ಗನ್ನೇ ಕತ್ತರಿಸಿದಂತಾಗುತ್ತದೆ. ಎಲೆಯಿಲ್ಲದ ಈ ಹೊತ್ತಿನಲ್ಲಿ ಕೊಂಬೆಗಳ ರಚನೆಯೂ ಸ್ಪಷ್ಟವಾಗಿ ಕಾಣುತ್ತದೆ. ಮೊದಲು ತೊಗಟೆಯನ್ನು ಉಗುರಿನಿಂದ ಕೆರೆದು ನೋಡಿ: ಒಳಗೆ ಹಸಿರಿದ್ದರೆ ಕೊಂಬೆಗೆ ಜೀವವಿದೆ, ಕಂದಾಗಿ ಒಣಗಿದ್ದರೆ ಹಸಿರು ಸಿಗುವವರೆಗೆ ಕೆಳಕ್ಕೆ ಕತ್ತರಿಸಿ. ಪಾರಿಜಾತದ ಎಲೆಗಳು ಎದುರುಬದುರಾಗಿರುವುದರಿಂದ, ಗೆಣ್ಣಿನಿಂದ ಕಾಲು ಇಂಚು ಮೇಲೆ ಕತ್ತರಿಸಿದರೆ ಸಾಮಾನ್ಯವಾಗಿ ಎರಡು ಚಿಗುರು ಒಡೆದು ಗಿಡ ಪೊದೆಯಾಗುತ್ತದೆ. ಒಟ್ಟು ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬೇಡಿ. ದಪ್ಪ ಕೊಂಬೆಯ ಗಾಯಕ್ಕೆ ಬೋರ್ಡೊ ಮುಲಾಮು (ಮೈಲುತುತ್ತ, ಸುಣ್ಣ ಕಲಸಿದ ಶಿಲೀಂಧ್ರನಾಶಕ ಲೇಪ) ಹಚ್ಚುವುದು ಒಳ್ಳೆಯದು.

ಉತ್ತರ (ಕುವೆಂಪುನಗರ, ಮೈಸೂರು)
ಕಾಲದ ಬಗ್ಗೆ ಮೇಲಿನವರ ಮಾತು ಸರಿ, ಆದರೆ ಲ್ಯಾಗರ್‌ಸ್ಟ್ರೋಮಿಯಾಕ್ಕೆ ಅಷ್ಟು ಕತ್ತರಿ ಬೇಡ. ಅದು ನಮ್ಮ ಹೊಳೆದಾಸವಾಳದ (ನೇರಳೆ ಹೂವಿನ ಮರ, ದಾಸವಾಳವಲ್ಲ) ಹತ್ತಿರದ ಸಂಬಂಧಿ. ಪ್ರತಿ ವರ್ಷ ಒಂದೇ ಎತ್ತರಕ್ಕೆ ಮೋಟು ಮಾಡಿದರೆ ಅಲ್ಲಿ ಗಂಟು ಕಟ್ಟಿಕೊಳ್ಳುತ್ತದೆ. ಅದರಿಂದ ಹೊರಡುವ ಸಪೂರ ಚಿಗುರುಗಳು ಮಳೆಯಲ್ಲಿ ನೆನೆದ ಹೂಗೊಂಚಲಿನ ಭಾರಕ್ಕೆ ನೆಲಕ್ಕೆ ಬಾಗುತ್ತವೆ. ಸುಲಿಯುವ ತೊಗಟೆಯ ಆ ನುಣುಪಾದ ಕಾಂಡವೇ ಗಿಡದ ಚೆಲುವು. ಮೂರರಿಂದ ಐದು ಕಾಂಡ ಉಳಿಸಿ, ಒಂದಕ್ಕೊಂದು ಉಜ್ಜುವ ಕೊಂಬೆಗಳನ್ನೂ ಬುಡದ ಕವಲುಗಳನ್ನೂ ಮಾತ್ರ ತೆಗೆಯಿರಿ. ಮೊದಲ ಹೂವು ಬಾಡಿದ ಕೂಡಲೇ ಕಾಯಿಗೊಂಚಲು ಚಿವುಟಿದರೆ ಇನ್ನೊಮ್ಮೆ ಹೂ ಬರುತ್ತದೆ. ಎಲೆಯ ಮೇಲೆ ಬಿಳಿ ಬೂದಿ ಕಾಣಿಸಿಕೊಂಡರೆ ಬಿಸಿಲು, ಗಾಳಿ ಸಾಲದು ಎಂದು ತಿಳಿಯಿರಿ.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಧನ್ಯವಾದಗಳು. ಕತ್ತರಿಸಿದ ಕಡ್ಡಿಗಳನ್ನು ನೆಟ್ಟರೆ ಬೇರು ಬಿಡುತ್ತವೆಯೇ?

ಉತ್ತರ (ಮಂಡ್ಯ)
ಲ್ಯಾಗರ್‌ಸ್ಟ್ರೋಮಿಯಾದ ಪೆನ್ಸಿಲ್ ಗಾತ್ರದ ಕಡ್ಡಿ ಸುಲಭವಾಗಿ ಬೇರು ಬಿಡುತ್ತದೆ. ಪಾರಿಜಾತಕ್ಕೆ ಒಣಗಿದ ಚಪ್ಪಟೆ ಕಾಯಿಗಳನ್ನು ಆರಿಸಿಟ್ಟುಕೊಳ್ಳಿ. ಒಂದೊಂದರಲ್ಲಿ ಎರಡು ಬೀಜಗಳಿರುತ್ತವೆ. ನೆಡುವ ಜಾಗದಲ್ಲಿ ನೀರು ನಿಲ್ಲಬಾರದು. ನಮ್ಮ ನಾಲೆ ಬಯಲಿನ ಜೌಗು ಮಣ್ಣಿನಲ್ಲಿ ಪಾರಿಜಾತದ ಬೇರು ಕೊಳೆಯುವುದೇ ದೊಡ್ಡ ತೊಂದರೆ.