ಯುದ್ಧ ಗೆಲ್ಲೋಕೆ ಸಾಲ್ಮನ್ ಮೀನಿನ ದಾರಿ ಮುಚ್ಚಲೇಬೇಕಿತ್ತಾ?

ತುಂಗಾತೀರ:
ಅಮೆರಿಕದ ಕೊಲಂಬಿಯಾ ನದಿಗೆ ಕಟ್ಟಿದ ಗ್ರ್ಯಾಂಡ್ ಕೂಲೀ ಅಣೆಕಟ್ಟಿನ ಬಗ್ಗೆ ಓದುತ್ತಿದ್ದೆ. ಮೀನು ಹತ್ತಿ ಹೋಗೋಕೆ ಅದರಲ್ಲಿ ದಾರಿಯೇ ಇಲ್ಲ. ಸಮುದ್ರದಿಂದ ಸುಮಾರು 960 ಕಿ.ಮೀ. ಈಜಿ ಬಂದು, ಅಲ್ಲಿಂದಲೂ ಮೇಲೆ ತಾನು ಹುಟ್ಟಿದ ಜಾಗಕ್ಕೇ ಹೋಗಿ ಮೊಟ್ಟೆ ಇಡುತ್ತಿದ್ದ ಸಾಲ್ಮನ್ ಆ ಗೋಡೆಯ ಬುಡದಲ್ಲೇ ನಿಂತುಹೋಯಿತು. 1940ರ ಜೂನ್‌ನಲ್ಲಿ, ಅಣೆಕಟ್ಟಿನ ಹಿನ್ನೀರಲ್ಲಿ ಕೆಟಲ್ ಫಾಲ್ಸ್ ಜಲಪಾತ ಮುಳುಗುವ ಮೊದಲು, ಅಲ್ಲಿನ ಮೂಲನಿವಾಸಿಗಳು ಸೇರಿ ಮೂರು ದಿನ 'ಕಣ್ಣೀರಿನ ಸಮಾರಂಭ' ಮಾಡಿದರು. ತಲೆತಲಾಂತರದಿಂದ ಅವರು ಮೀನು ಹಿಡಿದ ಜಾಗ ಅದು. ಇದನ್ನು ಎತ್ತಿದರೆ ಬರುವ ಉತ್ತರ ಒಂದೇ: ಆ ಅಣೆಕಟ್ಟು ಇಲ್ಲದಿದ್ದರೆ ಎರಡನೇ ಮಹಾಯುದ್ಧ ಗೆಲ್ಲೋಕೆ ಆಗ್ತಿರಲಿಲ್ಲ ಅಂತ. ಈ ಮಾತನ್ನು ನಾನು ಒಪ್ಪಲ್ಲ. ನೀವೇನಂತೀರಿ?

ಜೋಗದ ಹುಡುಗ:
ಒಪ್ಪಲೇಬೇಕು. ಮೂವತ್ತು ವರ್ಷ ಜಲವಿದ್ಯುತ್ತಿನಲ್ಲೇ ಕೆಲಸ ಮಾಡಿದವನು ನಾನು. ಒಂದು ಕಿಲೋ ಅಲ್ಯೂಮಿನಿಯಂ ತೆಗೆಯೋಕೆ ಇವತ್ತಿಗೂ ಸುಮಾರು 14 ಯೂನಿಟ್ ಕರೆಂಟ್ ಬೇಕು. ಅಲ್ಯೂಮಿನಿಯಂ ಇಲ್ಲದೆ ವಿಮಾನ ಇಲ್ಲ. ಯುದ್ಧದ ತಿರುವು ಬಂದದ್ದೇ ವಿಮಾನಗಳಿಂದ. 1942ರ ಜೂನ್ 4, ಪೆಸಿಫಿಕ್ ಸಾಗರದ ಮಿಡ್‌ವೇ ಕದನ. ಬೆಳಿಗ್ಗೆ ಹತ್ತೂವರೆ ಆಗುವಷ್ಟರಲ್ಲಿ, ಕೆಲವೇ ನಿಮಿಷದಲ್ಲಿ, ಜಪಾನಿನ ಅಕಾಗಿ, ಕಾಗಾ, ಸೋರ್ಯು ಮೂರೂ ಹೊತ್ತಿ ಉರಿದವು. ಸಂಜೆಗೆ ಹಿರ್ಯು. ನಾಲ್ಕು ವಿಮಾನವಾಹಕ ಹಡಗು ಹೋದ ಮೇಲೆ ಜಪಾನ್ ಚೇತರಿಸಿಕೊಳ್ಳಲೇ ಇಲ್ಲ.

ಇತಿಹಾಸ ಮೇಷ್ಟ್ರು:
"ಯುದ್ಧದ ತಿರುವು" ಮಿಡ್‌ವೇ ಅಂತೆ! ಸ್ವಾಮಿ, ಅದು ಪೆಸಿಫಿಕ್‌ನ ತಿರುವು. ಯುದ್ಧದ ತಿರುವು ಸ್ಟಾಲಿನ್‌ಗ್ರಾಡ್. 1943ರ ಜನವರಿ 31ಕ್ಕೆ ಅಲ್ಲಿನ ಜರ್ಮನ್ ಸೇನಾಪತಿ ಪೌಲಸ್ ಶರಣಾದ. ಸುಮಾರು 91,000 ಸೈನಿಕರು ಸೆರೆಸಿಕ್ಕರು. ಹಿಟ್ಲರನ ಸೈನ್ಯದ ಬೆನ್ನುಮೂಳೆ ಮುರಿದದ್ದು ವೋಲ್ಗಾ ದಂಡೆಯಲ್ಲಿ, ಕೊಲಂಬಿಯಾ ದಂಡೆಯಲ್ಲಲ್ಲ.

ಜೋಗದ ಹುಡುಗ:
ಹಿಟ್ಲರನ ಬೆನ್ನುಮೂಳೆ ಮುರಿದ ಸೋವಿಯತ್ ಸೈನ್ಯ ಓಡಾಡಿದ್ದು ಯಾವ ಲಾರಿಯಲ್ಲಿ? ಅಮೆರಿಕದ ಸ್ಟುಡ್‌ಬೇಕರ್. ಅಲ್ಯೂಮಿನಿಯಂ ಕೂಡ ಅಮೆರಿಕದಿಂದ ಹೋಗಿದೆ. ಅದನ್ನೂ ಹೇಳಿ ಮೇಷ್ಟ್ರೇ.

ಇತಿಹಾಸ ಮೇಷ್ಟ್ರು:
ಆ ಲಾರಿಗಳು ಜಾಸ್ತಿ ಬಂದದ್ದು ಸ್ಟಾಲಿನ್‌ಗ್ರಾಡ್ ಮುಗಿದ ಮೇಲೆ. ತಾರೀಖು ನೋಡಿ ಮಾತಾಡಿ.

ವಲಸೆ ಹಕ್ಕಿ:
ನಾನಿರೋದು ವಾಷಿಂಗ್ಟನ್ ರಾಜ್ಯದಲ್ಲೇ. ಜೋಗದವರು ಅಲ್ಯೂಮಿನಿಯಂ ಅಂತೀರಲ್ಲ, ಇಲ್ಲಿ ಮೊದಲ ಅಲ್ಯೂಮಿನಿಯಂ ಕಾರ್ಖಾನೆ 1940ರಲ್ಲಿ ಶುರುವಾಗಿದ್ದು ಬಾನವಿಲ್ ಅಣೆಕಟ್ಟಿನ ಕರೆಂಟಿನಿಂದ. ಅದೂ ಕೊಲಂಬಿಯಾ ಮೇಲೇ ಇದೆ, 1938ರದ್ದು. ಅದಕ್ಕೆ ಮೀನಿನ ಏಣಿ ಕಟ್ಟಿದ್ದರು! ಕರೆಂಟೂ ಬಂತು, ಮೀನೂ ಹತ್ತಿತು. ಏಣಿ ಅಂದರೆ ಏನು ಅಂತ ನೋಡಬೇಕಾದರೆ ಸಿಯಾಟಲ್‌ನ ಬಲಾರ್ಡ್ ಲಾಕ್ಸ್‌ಗೆ ಜುಲೈನಲ್ಲಿ ಬನ್ನಿ. ನೀರಿನ 21 ಮೆಟ್ಟಿಲು, ಪಕ್ಕದಲ್ಲಿ ಗಾಜಿನ ಕಿಟಕಿ. ಹೋದ ವರ್ಷ ನನ್ನ ಮಗಳ ಮುಖದ ಮುಂದೆಯೇ ಒಂದು ಸಾಕೈ (ಸಾಲ್ಮನ್‌ನ ಒಂದು ಜಾತಿ) ನಿಂತಿತ್ತು. ಪಕ್ಕೆಯಲ್ಲಿ ಉದ್ದಕ್ಕೆ ಗಾಯ. ಬಾಲ ಆಡಿಸ್ತಾ ಆಡಿಸ್ತಾ ಇದ್ದಲ್ಲೇ ಇತ್ತು. ಇದ್ದಕ್ಕಿದ್ದ ಹಾಗೆ ಮೈ ಒದರಿ ಮೇಲಿನ ಮೆಟ್ಟಿಲಿಗೆ ಹಾರಿತು. ಮಗಳು ಚಪ್ಪಾಳೆ ತಟ್ಟಿಬಿಟ್ಟಳು.

ಜೋಗದ ಹುಡುಗ:
"ಮೀನಿನ ಏಣಿ" ಅಂತ ಸುಮ್ನೆ ಹೇಳಿಬಿಟ್ಟರೆ ಆಯ್ತಾ? ಗ್ರ್ಯಾಂಡ್ ಕೂಲೀ ಎತ್ತರ 168 ಮೀಟರ್. ಬಾನವಿಲ್ ಅದರ ಮುಂದೆ ಮೋಟು ಗೋಡೆ. ಅಷ್ಟು ಎತ್ತರಕ್ಕೆ ಯಾವ ಮೀನು ಹತ್ತುತ್ತೆ?

ತುಂಗಾತೀರ:
ಹತ್ತಲ್ಲ ಅಂತ ಗೊತ್ತಿದ್ದೂ ಕಟ್ಟಿದರು ಅಂತಾಯ್ತು. ಇನ್ನೊಂದು ವಿಷಯ. ಕೆಲಸ ಶುರುವಾದದ್ದು 1933ರಲ್ಲಿ. ಆಗ ಯುದ್ಧ ಎಲ್ಲಿತ್ತು? ಜನಕ್ಕೆ ಕೆಲಸ ಬೇಕು, ಹೊಲಕ್ಕೆ ನೀರು ಬೇಕು ಅಂತ ಶುರುಮಾಡಿದ್ದು. ಮೀನನ್ನು ಕೈಬಿಟ್ಟದ್ದು ಯುದ್ಧಕ್ಕಾಗಿ ಅಲ್ಲವೇ ಅಲ್ಲ. ಆಮೇಲೆ ಯುದ್ಧ ಬಂತು, ನೆಪ ಸಿಕ್ಕಿತು.

ಹಳೇ ಸೈನಿಕ:
ಮೇಷ್ಟ್ರು ಮತ್ತು ಜೋಗದವರು ಇಬ್ಬರೂ ತಪ್ಪು. ತಿರುವು 1941ರ ಡಿಸೆಂಬರ್, ಮಾಸ್ಕೋ. 5ನೇ ತಾರೀಖು ಸೋವಿಯತ್ ಮರುದಾಳಿ. 7ಕ್ಕೆ ಪರ್ಲ್ ಹಾರ್ಬರ್ ಮೇಲೆ ಜಪಾನಿನ ದಾಳಿ. 11ಕ್ಕೆ ಹಿಟ್ಲರ್ ತಾನಾಗೇ ಅಮೆರಿಕದ ಮೇಲೆ ಯುದ್ಧ ಸಾರಿದ. ಆ ಒಂದು ವಾರದಲ್ಲಿ ಎಲ್ಲ ತೀರ್ಮಾನ ಆಗಿಹೋಯ್ತು.

ಇತಿಹಾಸ ಮೇಷ್ಟ್ರು:
"ಎಲ್ಲ ತೀರ್ಮಾನ" ಆಗಿದ್ದರೆ 1942ರ ಬೇಸಿಗೆಯಲ್ಲಿ ಜರ್ಮನರು ಸೋವಿಯತ್ ದೇಶದ ದಕ್ಷಿಣದ ಕಾಕಸಸ್‌ವರೆಗೆ ಹೇಗೆ ನುಗ್ಗಿದರು? ಸೋತ ಸೈನ್ಯ ಅಷ್ಟು ದೂರ ಬರುತ್ತಾ? ಇಷ್ಟು ದೊಡ್ಡ ವಿಷಯವನ್ನು ಇಷ್ಟು ಹಗುರವಾಗಿ ಮಾತಾಡೋದು ನೋಡಿದರೆ ನಿಜಕ್ಕೂ ಬೇಸರವಾಗುತ್ತೆ.

ಹಳೇ ಸೈನಿಕ:
ಹಗುರವಾಗಿ ಮಾತಾಡಿಲ್ಲ ಸಾರ್. ನಮ್ಮಜ್ಜ ಬರ್ಮಾ ಗಡಿಯಲ್ಲಿ ಯುದ್ಧ ಮಾಡಿ ಒಂದು ಕಾಲು ಕಳಕೊಂಡು ಬಂದವರು. ಮರ್ಯಾದೆ ಕೊಟ್ಟು ಮಾತಾಡಿ.

ಇತಿಹಾಸ ಮೇಷ್ಟ್ರು:
ಅಜ್ಜನವರಿಗೆ ನನ್ನ ನಮಸ್ಕಾರ. ಕಾಕಸಸ್ ಪ್ರಶ್ನೆಗೆ ಉತ್ತರ ಬರಲಿಲ್ಲ.

ಜೋಗದ ಹುಡುಗ:
ಏಣಿ ಭಕ್ತರಿಗೆ ಒಂದು ಪ್ರಶ್ನೆ. ಐಡಾಹೊದ ರೆಡ್‌ಫಿಶ್ ಸರೋವರಕ್ಕೆ ಹೋಗುವ ದಾರಿಯಲ್ಲಿ ಎಂಟು ಅಣೆಕಟ್ಟು. ಎಂಟಕ್ಕೂ ಏಣಿ ಇದೆ. 1992ರಲ್ಲಿ ಅಲ್ಲಿಗೆ ವಾಪಸ್ ಬಂದ ಸಾಕೈ ಎಷ್ಟು? ಒಂದು. ಒಂದೇ ಒಂದು ಗಂಡು ಮೀನು. ಏಣಿಯಿಂದ ಏನು ಉಪಯೋಗ ಆಯ್ತು ಹಾಗಾದರೆ?

ವಲಸೆ ಹಕ್ಕಿ:
ಅದು ನನ್ನ ಪರವಾದ ಮಾತು! ಆ ಎಂಟರಲ್ಲಿ ಸ್ನೇಕ್ ನದಿಯ ನಾಲ್ಕು ಕಟ್ಟಿದ್ದು 1962ರಿಂದ 1975ರೊಳಗೆ. ಆಗ ಹಿಟ್ಲರ್ ಎಲ್ಲಿದ್ದ? ಸಮುದ್ರದಿಂದ ಸುಮಾರು 1,450 ಕಿ.ಮೀ. ಒಂಟಿಯಾಗಿ ಬಂದ ಆ ಮೀನಿಗೆ 'ಲೋನ್ಸಮ್ ಲ್ಯಾರಿ' ಅಂತ ಹೆಸರಿಟ್ಟರು. ಹತ್ತಿ ಬರೋದು ಒಂದು ಕಷ್ಟ. ಮರಿಗಳು ಸಮುದ್ರಕ್ಕೆ ಇಳಿಯುವಾಗ ನಿಂತ ನೀರಲ್ಲಿ, ಟರ್ಬೈನಿನಲ್ಲಿ ಸಾಯೋದು ಇನ್ನೊಂದು. ಬರೀ ಏಣಿ ಸಾಲದು, ಕೆಲವು ಅಣೆಕಟ್ಟು ಹೋಗಲೇಬೇಕು. ಕ್ಲಾಮತ್ ನದಿಯ ನಾಲ್ಕು ಅಣೆಕಟ್ಟು 2024ರಲ್ಲಿ ಕೆಡವಿ ಮುಗಿಸಿದರು. ಅದೇ ಅಕ್ಟೋಬರ್‌ಗೆ ಸಾಲ್ಮನ್ ಮೇಲೆ ಬಂದಿತ್ತು.

ಜೋಗದ ಹುಡುಗ:
"ಅಣೆಕಟ್ಟು ಹೋಗಲೇಬೇಕು" ಅಂದ್ರಾ? ರಾತ್ರಿ ಫ್ಯಾನ್ ಹಾಕಿಕೊಂಡು ಮಲಗುವವರು ಹೇಳುವ ಮಾತಲ್ಲ ಇದು.

ತುಂಗಾತೀರ:
ನಾನು ಶೃಂಗೇರಿಯವಳು. ತುಂಗೆಯ ಮೆಟ್ಟಿಲಲ್ಲಿ ಕೂತು ಮಂಡಕ್ಕಿ ಹಾಕಿದರೆ ಮೊಣಕೈ ಉದ್ದದ ಮೀನು ಕಾಲಿಗೆ ತಾಗಿಕೊಂಡು ಬರುತ್ತೆ. ಅದನ್ನು ಯಾರೂ ಮುಟ್ಟಲ್ಲ. ಕೆಟಲ್ ಫಾಲ್ಸ್ ಅಲ್ಲಿನವರಿಗೆ ಅದಕ್ಕಿಂತ ಹೆಚ್ಚಿನದಾಗಿತ್ತು: ದೇವರೂ ಅದೇ, ಊಟವೂ ಅದೇ. ಅವರು ಇನ್ನೂ ಬಿಟ್ಟಿಲ್ಲ. 2019ರಲ್ಲಿ ಅಲ್ಲಿನ ಕಾಲ್ವಿಲ್ ಮೂಲನಿವಾಸಿಗಳು ತಾವೇ ಚಿನೂಕ್ ಜಾತಿಯ ಸಾಲ್ಮನ್ ತಂದು ಅಣೆಕಟ್ಟಿನ ಮೇಲಿನ ನೀರಿಗೆ ಬಿಟ್ಟರು. 2023ರಲ್ಲಿ ಒಪ್ಪಂದ ಆಯ್ತು: ಮೀನು ಮರಳಿಸುವ ಕೆಲಸಕ್ಕೆ 20 ವರ್ಷದಲ್ಲಿ 20 ಕೋಟಿ ಡಾಲರ್. 1933ರ ಪ್ರಶ್ನೆಗೆ ಮಾತ್ರ ಜೋಗದವರು ಇನ್ನೂ ಬಾಯಿ ಬಿಟ್ಟಿಲ್ಲ.

ಜೋಗದ ಹುಡುಗ:
1933ರಲ್ಲಿ ಶುರುಮಾಡಿದ್ದಕ್ಕೇ 1941ಕ್ಕೆ ಕರೆಂಟ್ ಸಿಕ್ಕಿದ್ದು. ಅಷ್ಟೇ ನನ್ನ ಉತ್ತರ.

ಇತಿಹಾಸ ಮೇಷ್ಟ್ರು:
ಮೀನಿನ ವಿಷಯದಲ್ಲಿ ತುಂಗಾತೀರ ಅವರ ಜೊತೆ ನನಗೆ ತಕರಾರಿಲ್ಲ. ಹಳೇ ಸೈನಿಕರೇ, ಕಾಕಸಸ್?