14 ವರ್ಷದ ಫ್ರಿಜ್‌ಗೆ ಮತ್ತೆ ಗ್ಯಾಸ್ ತುಂಬಿಸಬೇಕೆ, ಹೊಸದನ್ನು ಕೊಳ್ಳಬೇಕೆ?

ಪ್ರಶ್ನೆ (ಅಂಕೋಲಾದ ಗೃಹಿಣಿ):
ನಮಸ್ಕಾರ. ನಮ್ಮ ಮನೆಯಲ್ಲಿ 14 ವರ್ಷ ಹಳೆಯದಾದ, 250 ಲೀಟರಿನ, ಎರಡು ಬಾಗಿಲಿನ ಫ್ರಾಸ್ಟ್ ಫ್ರೀ ಫ್ರಿಜ್ ಇದೆ. ಕಳೆದ ಮಳೆಗಾಲದಲ್ಲಿ ತಂಪಾಗುವುದು ನಿಂತಾಗ ಗ್ಯಾಸ್ ತುಂಬಿಸಿದ್ದೆವು. ಎಂಟು ತಿಂಗಳು ಸರಿಯಾಗಿತ್ತು. ಈಗ ಮೋಟಾರು ಹಗಲು ರಾತ್ರಿ ಓಡುತ್ತಲೇ ಇರುತ್ತದೆ, ಫ್ರೀಜರಿನಲ್ಲಿಟ್ಟ ಬಂಗಡೆ ಮರುದಿನಕ್ಕೆ ಮೆತ್ತಗಾಗಿರುತ್ತದೆ, ಬುಡದ ತಗಡು ತುಕ್ಕು ಹಿಡಿದು ಉದುರುತ್ತಿದೆ. ರಿಪೇರಿಗೆ ಬಂದವರು ಮತ್ತೊಮ್ಮೆ ಗ್ಯಾಸ್ ತುಂಬಿಸಿದರೆ ಸಾಕು ಎಂದರು. ಮಗ ಹೊಸದನ್ನೇ ತರೋಣ ಎನ್ನುತ್ತಾನೆ. ಹಾಗೆ ತಂದರೆ, ಹಳೆಯದನ್ನು ಹಿತ್ತಿಲ ಕೋಣೆಯಲ್ಲಿಟ್ಟು ಮಾವಿನ ರಸ, ತೆಂಗಿನತುರಿ ಇಡಲು ಬಳಸಬಹುದೆ?

ಉತ್ತರ (ಕಾರವಾರದ ಫ್ರಿಜ್ ಮೆಕ್ಯಾನಿಕ್):
ಅಕ್ಕಾ, ಫ್ರಿಜ್‌ನ ಗ್ಯಾಸ್ ಅಡುಗೆ ಸಿಲಿಂಡರಿನ ಗ್ಯಾಸಿನಂತೆ ಖರ್ಚಾಗಿ ಮುಗಿಯುವ ವಸ್ತುವಲ್ಲ. ಮುಚ್ಚಿದ ಕೊಳವೆಯೊಳಗೆ ಅದೇ ಗ್ಯಾಸ್ ವರ್ಷಾನುಗಟ್ಟಲೆ ಸುತ್ತುತ್ತಿರುತ್ತದೆ. ಎಂಟು ತಿಂಗಳಲ್ಲಿ ಕಡಿಮೆಯಾಯಿತೆಂದರೆ ಎಲ್ಲೋ ತೂತು ಬಿದ್ದಿದೆ ಎಂದೇ ಅರ್ಥ, ಆ ತೂತನ್ನು ಹುಡುಕದೆ ಮತ್ತೆ ತುಂಬಿಸುವುದು ಹಣವನ್ನು ಗಾಳಿಗೆ ಬಿಟ್ಟಂತೆ. ಸಮುದ್ರದ ಉಪ್ಪುಗಾಳಿಯೂ ಮಳೆಗಾಲದ ತೇವವೂ ಸೇರಿ ನಮ್ಮ ಕಡೆಯ ಫ್ರಿಜ್‌ಗಳ ಬುಡವನ್ನು ಮೊದಲು ತಿನ್ನುತ್ತವೆ. ತೂತು ಹಿಂದಿನ ಮೋಟಾರಿನ ಬಳಿ, ಕೈಗೆಟಕುವ ಜಾಗದಲ್ಲಿದ್ದರೆ ಬೆಸುಗೆ ಹಾಕಬಹುದು; ಪಕ್ಕದ ತಗಡಿನ ಒಳಮೈಯಲ್ಲಿ ಅಥವಾ ಬಾಗಿಲ ಚೌಕಟ್ಟಿನ ಸುತ್ತ ಫೋಮಿನಲ್ಲಿ ಹುದುಗಿರುವ ಕೊಳವೆಯಲ್ಲಿದ್ದರೆ ಅದನ್ನು ಬಿಚ್ಚಿ ಸರಿಪಡಿಸುವುದು ಈ ವಯಸ್ಸಿನ ಫ್ರಿಜ್‌ಗೆ ತಕ್ಕ ಖರ್ಚಲ್ಲ.

ಆದರೂ ತೀರ್ಮಾನಕ್ಕೆ ಮೊದಲು ಒಂದು ಪರೀಕ್ಷೆ ಮಾಡಿರಿ. ಸ್ವಿಚ್ ಆರಿಸಿ, ಎರಡೂ ಬಾಗಿಲುಗಳನ್ನು ತೆರೆದಿಟ್ಟು, ಒಂದು ದಿನ ಪೂರ್ತಿ ಬಿಟ್ಟು ಮತ್ತೆ ಚಾಲೂ ಮಾಡಿರಿ. ನಾಲ್ಕಾರು ದಿನ ಚೆನ್ನಾಗಿ ತಂಪು ಕೊಟ್ಟು ಆಮೇಲೆ ಕೈಕೊಟ್ಟರೆ ದೋಷ ಗ್ಯಾಸಿನದ್ದಾಗಿರಲಾರದು. ಒಳಗೆ ಕಟ್ಟಿದ ಮಂಜನ್ನು ಕರಗಿಸುವ ಹೀಟರ್ ಅಥವಾ ಟೈಮರ್ ಕೆಟ್ಟು, ಫ್ಯಾನಿನ ಗಾಳಿಯ ದಾರಿ ಮುಚ್ಚಿಹೋಗಿರುತ್ತದೆ. ಅದು ಸಣ್ಣ ಖರ್ಚಿನ ಕೆಲಸ. ಇದನ್ನು ನೋಡದೆಯೇ ಎಷ್ಟೋ ಒಳ್ಳೆಯ ಫ್ರಿಜ್‌ಗಳನ್ನು ಜನ ಗುಜರಿಗೆ ಕೊಟ್ಟಿರುವುದನ್ನು ಕಂಡು ನನಗೆ ಬೇಸರವಾಗಿದೆ. ತಮ್ಮ ಫ್ರಿಜ್ ಮಾತ್ರ ಮೊದಲ ದಿನವೇ ಸರಿಯಾಗಿ ತಂಪಾಗದಿದ್ದರೆ ಮಗ ಹೇಳಿದಂತೆ ಹೊಸದನ್ನು ತನ್ನಿರಿ.

ಹಳೆಯದನ್ನು ಹಿತ್ತಿಲಲ್ಲಿ ಇಟ್ಟುಕೊಳ್ಳುವುದನ್ನು ಮಾತ್ರ ನಾನು ಒಪ್ಪಲಾರೆ. ಒಂದು ರಾತ್ರಿ ಮನೆಯ ಉಳಿದೆಲ್ಲ ಸ್ವಿಚ್‌ಗಳನ್ನು ಆರಿಸಿ, ಮಲಗುವಾಗಲೂ ಎದ್ದಾಗಲೂ ಹೆಸ್ಕಾಂ ಮೀಟರನ್ನು ಓದಿ ಬರೆದುಕೊಳ್ಳಿರಿ. ಎಂಟು ಗಂಟೆಯಲ್ಲಿ ಮುಕ್ಕಾಲು ಯೂನಿಟ್ ಏರಿದ್ದರೆ ತಿಂಗಳಿಗೆ ಸುಮಾರು 67 ಯೂನಿಟ್ ಆಯಿತು. ಹೊಸ ಫ್ರಿಜ್‌ನ ಸ್ಟಾರ್ ಪಟ್ಟಿಯಲ್ಲಿ ವರ್ಷಕ್ಕೆ 220 ಯೂನಿಟ್ ಎಂದು ಬರೆದಿದ್ದರೆ ಅದು ತಿಂಗಳಿಗೆ 18ರಷ್ಟು. ನಮ್ಮ ಸೆಕೆಗೆ ಇನ್ನಷ್ಟು ಹೆಚ್ಚಾಗಬಹುದೆಂದು ಇಟ್ಟುಕೊಂಡರೂ ಅಂತರ ದೊಡ್ಡದೇ. ಎರಡೂ ಒಟ್ಟಿಗೆ ಓಡಿದರೆ ಉಳಿತಾಯವೆಲ್ಲ ಹಿತ್ತಿಲಿನಲ್ಲೇ ಸೋರಿಹೋಗುತ್ತದೆ. ಗೃಹಜ್ಯೋತಿಯಲ್ಲಿ ಬಳಕೆ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ ಎಂಬುದನ್ನೂ ನೆನಪಿಡಿರಿ. ಕೊಳ್ಳುವಾಗ ಸ್ಟಾರ್‌ಗಳನ್ನಷ್ಟೇ ಎಣಿಸದೆ ಪಟ್ಟಿಯ ಯೂನಿಟ್ ಸಂಖ್ಯೆಯನ್ನೂ ವರ್ಷವನ್ನೂ ಓದಬೇಕು, ಏಕೆಂದರೆ ಸ್ಟಾರ್‌ನ ಮಾನದಂಡವನ್ನು ಆಗಾಗ ಬಿಗಿಗೊಳಿಸುತ್ತಾರೆ.

ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳು ಕಡಲಿಗಿಳಿಯದ ಕಾರಣ ಮೇ ಕೊನೆಯಲ್ಲೇ ಮೀನು ಶೇಖರಿಸುವ ಮನೆ ತಮ್ಮದಾಗಿದ್ದರೆ, ಒಂದೇ ಬಾಗಿಲಿನದಕ್ಕಿಂತ ಬೇರೆ ಫ್ರೀಜರ್ ಇರುವ ಎರಡು ಬಾಗಿಲಿನದೇ ಒಳ್ಳೆಯದು. ಮೀನು ಕೆಡದೆ ಉಳಿಯಲು ಮೈನಸ್ 18 ಡಿಗ್ರಿ ಬೇಕು. ಹೊಸದನ್ನು ಎತ್ತರದ ಸ್ಟ್ಯಾಂಡಿನ ಮೇಲೆ, ಗೋಡೆಯಿಂದ ನಾಲ್ಕು ಬೆರಳು ಬಿಟ್ಟು ಇರಿಸಿರಿ.

ಪ್ರಶ್ನೆ (ಶಿರಸಿ ಕಡೆಯ ಅಡಿಕೆ ಕೃಷಿಕರು):
ನಮ್ಮಲ್ಲಿ ಪಂಪ್‌ಸೆಟ್‌ಗಳು ಓಡುವ ಹೊತ್ತಿಗೆ ವೋಲ್ಟೇಜ್ ಬಹಳ ಇಳಿಯುತ್ತದೆ. ಹೊಸ ಇನ್ವರ್ಟರ್ ಫ್ರಿಜ್‌ಗೆ ಸ್ಟೆಬಿಲೈಸರ್ ಬೇಡವೆಂದು ಅಂಗಡಿಯವರು ಹೇಳಿದರು. ನಂಬಬಹುದೆ?

ಉತ್ತರ:
ಎಷ್ಟು ವೋಲ್ಟಿನಿಂದ ಎಷ್ಟರವರೆಗೆ ಸ್ಟೆಬಿಲೈಸರ್ ಬೇಡ ಎಂಬುದು ಫ್ರಿಜ್‌ನ ಕೈಪಿಡಿಯಲ್ಲಿರುತ್ತದೆ. ಪಂಪ್‌ಗಳು ಓಡುವ ಹೊತ್ತಿನಲ್ಲೇ ಮಲ್ಟಿಮೀಟರಿನಿಂದ ಅಳೆಯಿಸಿರಿ. ತಮ್ಮ ಮನೆಯ ವೋಲ್ಟೇಜ್ ಆ ಮಿತಿಗಿಂತ ಕೆಳಗಿಳಿಯುತ್ತಿದ್ದರೆ, ಕರೆಂಟು ಹೋಗಿ ಬಂದ ಮೇಲೆ ಮೂರು ನಿಮಿಷ ತಡೆದು ಚಾಲೂ ಮಾಡುವ ಸ್ಟೆಬಿಲೈಸರನ್ನು ಹಾಕಿಸಿರಿ. ಅರ್ತಿಂಗ್ ಸರಿಯಿದೆಯೇ ಎಂದು ಅದೇ ದಿನ ನೋಡಿಸಿರಿ.

ಪ್ರಶ್ನೆ (ಅಂಕೋಲಾದ ಗೃಹಿಣಿ):
ತಾವು ಹೇಳಿದಂತೆ ಒಂದು ದಿನ ಆರಿಸಿಟ್ಟು ನೋಡಿದೆವು. ಮೊದಲ ದಿನವೇ ತಂಪಾಗಲಿಲ್ಲ, ಹೊಸದನ್ನೇ ತರುತ್ತೇವೆ. ಹಳೆಯದನ್ನು ಗುಜರಿಯವರಿಗೆ ಕೊಡಲೆ?

ಉತ್ತರ:
ಎಕ್ಸ್‌ಚೇಂಜ್‌ನಲ್ಲಿ ಅಂಗಡಿಗೇ ಕೊಡಿರಿ, ಬೆಲೆ ಸ್ವಲ್ಪ ಕಡಿಮೆ ಸಿಕ್ಕರೂ ಚಿಂತೆಯಿಲ್ಲ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಫ್ರಿಜ್‌ಗಳ ಮರುಬಳಕೆಯ ಹೊಣೆ ತಯಾರಕರ ಮೇಲಿದೆ. ಗುಜರಿಯಲ್ಲಿ ತಾಮ್ರಕ್ಕಾಗಿ ಕೊಳವೆ ಕತ್ತರಿಸಿದಾಗ ಉಳಿದ ಗ್ಯಾಸೆಲ್ಲ ಹೊರಹೋಗುತ್ತದೆ. ತಮ್ಮದು ಹಿಂಬದಿಯ ಫಲಕದಲ್ಲಿ ಆರ್ 134ಎ ಎಂದಿರುವ ಫ್ರಿಜ್ ಆಗಿದ್ದರೆ, ಆ ಗ್ಯಾಸ್ ಒಂದು ಕಿಲೋ ಗಾಳಿ ಸೇರುವುದು ಸುಮಾರು 1,400 ಕಿಲೋ ಇಂಗಾಲದ ಡೈಆಕ್ಸೈಡ್ ಸೇರಿದಷ್ಟೇ ಭೂಮಿಯನ್ನು ಬಿಸಿ ಮಾಡುತ್ತದೆ. ಹೊಸ ಫ್ರಿಜ್‌ಗಳಲ್ಲಿ ಹೆಚ್ಚಾಗಿ ಆರ್ 600ಎ ಇರುತ್ತದೆ. ಅದರಿಂದ ಈ ಹಾನಿ ತೀರ ಕಡಿಮೆ, ಆದರೆ ಅದು ಬೆಂಕಿ ಹತ್ತುವ ಗ್ಯಾಸ್. ಮುಂದೆ ರಿಪೇರಿ ಬಂದರೆ ಅದರ ತರಬೇತಿ ಪಡೆದವರನ್ನೇ ಕರೆಯಿರಿ.

ಅಂಗಡಿಯ ಗಾಡಿ ಬರುವವರೆಗೆ ಹಳೆಯ ಫ್ರಿಜ್ ಅಂಗಳದಲ್ಲಿ ಇರುವುದಾದರೆ ಎರಡೂ ಬಾಗಿಲುಗಳನ್ನು ಬಿಚ್ಚಿಡಿರಿ, ಇಲ್ಲವೇ ಹಗ್ಗದಿಂದ ಬಿಗಿಯಾಗಿ ಕಟ್ಟಿರಿ. ಆಟವಾಡುವ ಮಕ್ಕಳು ಒಳಗೆ ಅವಿತುಕೊಂಡರೆ ಉಸಿರು ಕಟ್ಟುವ ಅಪಾಯವಿದೆ. ಹೊಸದು ಬಂದಾಗ ಅದನ್ನು ನೇರವಾಗಿ ನಿಲ್ಲಿಸಿ, ಮೂರು ನಾಲ್ಕು ಗಂಟೆ ಹಾಗೆಯೇ ಬಿಟ್ಟು ಆಮೇಲೆ ಸ್ವಿಚ್ ಹಾಕಿರಿ.